ಸೈರನ್ ಕಳಿಸಿದ ಹಾಡು

ಪ್ರೆಸ್ಸಿನವರಿಗೆ ಅವನು ಮೇಸ್ತ್ರಿ. ಮೂವತ್ತೊಂದು ವರ್ಷದಿಂದ ನಾಲ್ಕು ಬಣ್ಣದ ಆಫ್‌ಸೆಟ್ ಮಷೀನಿನ ಪಕ್ಕದಲ್ಲಿ ನಿಂತು ಔಷಧಿ ಡಬ್ಬಿಯ ಲೇಬಲ್ಲಿನಿಂದ ಹಿಡಿದು ಶಾಲೆಯ ಪುಸ್ತಕದವರೆಗೆ ಏನೇನನ್ನೋ ಅಚ್ಚು ಹಾಕಿದವನು. ಆದರೆ ಲೋಕದಲ್ಲಿ ಇನ್ನೊಂದು ಆರು ಜನರಿದ್ದರು. ಅವರ ಮುಖವನ್ನು ಅವನು ನೋಡಿರಲಿಲ್ಲ, ಅವನ ಮುಖವನ್ನು ಅವರು ನೋಡಿರಲಿಲ್ಲ. ಅವರಿಗೆ ಅವನು ಕಿವಿಯಣ್ಣ.

ಅದೊಂದು ಫೋನಿನ ಗುಂಪು. ಏಳೂ ಜನರಿಗೆ ಹಳೆಯ ರಾಕ್ ಹಾಡುಗಳ ಹುಚ್ಚು. ಭುಜದವರೆಗೆ ಕೂದಲು ಬಿಟ್ಟ ನಾಲ್ಕು ಜನ ಗಿಟಾರು, ಡ್ರಮ್ಮು ಹಿಡಿದು ಲೋಕವನ್ನೇ ಒದ್ದು ಎಬ್ಬಿಸುತ್ತೇವೆ ಎನ್ನುವಂತೆ ಹಾಡುತ್ತಿದ್ದ ಕಾಲದ ಹಾಡುಗಳು. ಗುಂಪು ಕಟ್ಟಿದವಳು ಒಬ್ಬ ಲೆಕ್ಕದ ಟೀಚರಮ್ಮ. ಲೆಕ್ಕದವಳಾದ್ದರಿಂದ ನಿಯಮವಿಲ್ಲದೆ ಅವಳಿಗೆ ಸಮಾಧಾನವಿಲ್ಲ. ದಿನಕ್ಕೆ ಒಬ್ಬರು ಒಂದೇ ಹಾಡಿನ ಕೊಂಡಿ ಹಾಕಬೇಕು. ಆ ಹಾಡಿಗೂ ಹಿಂದಿನ ದಿನದ ಹಾಡಿಗೂ ಏನು ನಂಟು ಎಂದು ಒಂದು ಸಾಲು ಬರೆಯಬೇಕು. ಟೀಚರಮ್ಮ ರೈಲಿನ ಮೇಲಿನ ಹಾಡು ಹಾಕಿದರೆ, ಮಾರನೆಯ ದಿನ ಗುಂಪಿನಲ್ಲಿದ್ದ ಒಬ್ಬ ಬೇಕರಿಯವನು, ಆ ಹಾಡಿನ ಡ್ರಮ್ಮಿನವನೇ ಇನ್ನೊಂದು ತಂಡದಲ್ಲಿ ಬಾರಿಸಿದ ಹಾಡು ಹಾಕಿ, 'ಕೈ ಅದೇ, ಒಲೆ ಬೇರೆ' ಎಂದು ಬರೆಯುತ್ತಿದ್ದ.

ಕಿವಿಯಣ್ಣ ಎಂಬ ಹೆಸರು ಬಂದದ್ದು ಸೇರಿದ ಎರಡನೇ ವಾರದಲ್ಲಿ. ಎಲ್ಲರೂ ನೂರಾರು ಸಲ ಕೇಳಿದ ಒಂದು ಹಾಡಿನ ಕೆಳಗೆ ಮೇಸ್ತ್ರಿ, 'ಮೂರನೇ ನಿಮಿಷದಲ್ಲಿ ಡ್ರಮ್ಮಿನವನ ಕೋಲು ಜಾರಿದೆ, ಒಂದು ಏಟು ತಪ್ಪಿದೆ, ಕೇಳಿ ನೋಡಿ' ಎಂದು ಬರೆದ. ಎಲ್ಲರೂ ಕೇಳಿದರು. ತಪ್ಪಿತ್ತು. 'ಇದು ಕಿವಿಯಲ್ಲ ಸ್ವಾಮಿ, ಬಾವಿ. ಸೂಜಿ ಬಿದ್ದರೂ ಸದ್ದು ಬರುತ್ತೆ' ಎಂದು ಬರೆದವನು ಸೈರನ್. ಅಂದಿನಿಂದ ಯಾರು ಯಾವ ಹಾಡು ಹಾಕಿದರೂ ಕಿವಿಯಣ್ಣ ಏನಂದ ಎಂದು ಕಾಯುವುದು ಗುಂಪಿನ ರೂಢಿಯಾಯಿತು.

ಸೈರನ್ ಆಂಬುಲೆನ್ಸ್ ಓಡಿಸುತ್ತಿದ್ದ. ರೈಲಿನಲ್ಲಿ ನಾಲ್ಕು ಗಂಟೆಯ ದಾರಿಯಾಚೆಯ ಊರು, ವಯಸ್ಸು ನಲವತ್ತೆಂಟು, ಮನೆಯಲ್ಲಿ ಅವನೂ ಅವನ ಅಕ್ಕನೂ ಇಬ್ಬರೇ. ಎರಡು ಕೇಸುಗಳ ನಡುವಿನ ಬಿಡುವಿನಲ್ಲಿ ಮೇಸ್ತ್ರಿಗೆ ಬೇರೆಯಾಗಿಯೂ ಬರೆಯುತ್ತಿದ್ದ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಹೋಗುವಾಗ ಗಾಡಿ ಕಿರುಚುತ್ತದೆ, ಖಾಲಿ ಬರುವಾಗ ನಾನು ಕಿರುಚುತ್ತೇನೆ ಎನ್ನುತ್ತಿದ್ದ. ಕಳೆದ ಎರಡು ವರ್ಷದಲ್ಲಿ ನಾಲ್ಕೈದು ಸಲ ಫೋನ್ ಮಾಡಲೇ ಎಂದು ಕೇಳಿದ್ದ. ಮೇಸ್ತ್ರಿ ಪ್ರತಿ ಸಲವೂ, 'ಪ್ರೆಸ್ಸಿನಲ್ಲಿ ಗಲಾಟೆ, ಬರೆದೇ ಕಳಿಸು' ಎನ್ನುತ್ತಿದ್ದ.

ಗಲಾಟೆ ನಿಜ. ಆದರೆ ಕಾರಣ ಅದಲ್ಲ.

ಎರಡು ವರ್ಷದ ಕೆಳಗೆ ಮೊದಲು ಮಾಯವಾದದ್ದು ಡ್ರಮ್ಮಿನ ಜೊತೆಯ ಕಂಚಿನ ತಾಳದ ತೆಳು ಸದ್ದು. ಇಯರ್‌ಫೋನ್ ಕೆಟ್ಟಿದೆ ಎಂದುಕೊಂಡು ಮೇಸ್ತ್ರಿ ಹೊಸದು ತಂದ. ಅದೂ ಕೆಟ್ಟಿದೆ ಎಂದುಕೊಂಡು ಇನ್ನೊಂದು ತಂದ. ಆಮೇಲೆ ಹಾಡುವವರ ಮಾತು ಕಲಸಿ ಗಂಜಿಯಾಯಿತು. ಕೊನೆಗೆ ಕದ್ದುಮುಚ್ಚಿ ಕಿವಿ ಡಾಕ್ಟರ ಹತ್ತಿರ ಹೋದ. ಮಷೀನಿನ ಸದ್ದಿಗೆ ನರ ಸವೆದಿದೆ, ಹೋದದ್ದು ತಿರುಗಿ ಬರುವುದಿಲ್ಲ, ಎರಡೂ ಕಿವಿಗೆ ಯಂತ್ರ ಹಾಕಿಕೊಳ್ಳಿ ಎಂದು ಅವರು ಚೀಟಿ ಬರೆದುಕೊಟ್ಟರು. ಮೇಸ್ತ್ರಿ ಅದನ್ನು ನಾಲ್ಕಾಗಿ ಮಡಚಿ ಬಟ್ಟೆಗಳ ಅಡಿಗೆ ತುರುಕಿದ.

ಯಾರಿಗೆ ಹೇಳುವುದು? ಮಷೀನಿಗೆ ಕಾಯಿಲೆ ಬಂದರೆ ಮೊದಲು ಬದಲಾಗುವುದು ಸದ್ದು. ಆ ಸದ್ದು ಗುರುತಿಸುವವನೇ ಮೇಸ್ತ್ರಿ. ಕೇಳಿಸದ ಮೇಸ್ತ್ರಿಯನ್ನು ಯಾವ ಮಾಲೀಕ ಇಟ್ಟುಕೊಳ್ಳುತ್ತಾನೆ? ಅವನು ಮಷೀನಿನ ಪಕ್ಕೆಗೆ ಅಂಗೈ ಒತ್ತಿ ಅದರ ನಡುಕದಿಂದಲೇ ರೋಗ ಹಿಡಿಯುವುದನ್ನು ಕಲಿತ. ಎದುರಿಗಿದ್ದವರ ತುಟಿ ಓದುವುದನ್ನು ಕಲಿತ.

ಹೆಂಡತಿಯ ಕಣ್ಣಿಗೆ ಮಣ್ಣೆರಚುವುದು ಮಾತ್ರ ಆಗಲಿಲ್ಲ. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ದಿನಕ್ಕೆ ನೂರು ಜನರನ್ನು ನೋಡುವವಳು. ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟು ಎದುರಿಗೆ ಬಂದು ನಿಂತು ಮಾತಾಡತೊಡಗಿದಳು.

"ಯಂತ್ರ ಹಾಕಿಸ್ಕೊಳ್ಳಿ ಅಂದ್ರೆ ಅದನ್ನೂ ಕಿವಿ ಮೇಲೆ ಹಾಕ್ಕೊಳ್ಳಲ್ವಲ್ರೀ."

"ನೋಡೋಣ ಬಿಡೇ."

"ನೋಡೋಕೆ ಕಣ್ಣು ಚೆನ್ನಾಗೇ ಇದೆ. ನಾನು ಹೇಳ್ತಿರೋದು ಕಿವಿ ವಿಷಯ."

ಅವನು ನಕ್ಕು ಮಾತು ತೇಲಿಸುತ್ತಿದ್ದ.

ಗುಂಪಿನಲ್ಲಿ ಅಂಥ ತೊಂದರೆಯಾಗಲಿಲ್ಲ. ಯಾರು ಏನು ಹಾಕಿದರೂ ಬಹುತೇಕ ಅವನಿಗೆ ಬಾಯಿಪಾಠವಾಗಿದ್ದ ಹಾಡುಗಳೇ. ಹೆಸರು ನೋಡಿ ಕಣ್ಣು ಮುಚ್ಚಿದರೆ ಹಾಡು ತಲೆಯೊಳಗೆ ಮೊದಲಿನಿಂದ ಕೊನೆಯವರೆಗೆ ಓಡುತ್ತಿತ್ತು. ತಾಳದ ತೆಳು ಸದ್ದೂ ಅಲ್ಲಿ ಹಾಗೇ ಇತ್ತು. 'ಎರಡನೇ ಗಿಟಾರು ಬಲಗಡೆಯಿಂದ ಬರುವುದನ್ನು ಗಮನಿಸಿ' ಎಂದು ಬರೆಯುತ್ತಿದ್ದ. ಎಲ್ಲರೂ ಕೇಳಿ ತಲೆದೂಗುತ್ತಿದ್ದರು. ಗೊತ್ತಿಲ್ಲದ ಹಾಡು ಬಂದರೆ ಉಳಿದವರು ಬರೆಯುವವರೆಗೆ ಕಾದು, ಅವರ ಮಾತಿನ ಎಳೆ ಹಿಡಿದು ತನ್ನದೊಂದು ಸಾಲು ನೇಯುತ್ತಿದ್ದ. ಮೊದಮೊದಲು ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಹೀಗಿರುವಾಗ ಸೈರನ್ನಿನ ಬರವಣಿಗೆ ಒಂದು ತಿಂಗಳು ಕಡಿಮೆಯಾಯಿತು. ಕೇಳಿದರೆ, 'ಗಾಡಿ ಷೆಡ್ಡಿನಲ್ಲಿದೆ, ಸ್ವಲ್ಪ ರಿಪೇರಿ' ಎಂದ. ಎಲ್ಲರೂ ಗಾಡಿ ಎಂದರೆ ಗಾಡಿಯೇ ಎಂದುಕೊಂಡರು.

ಒಂದು ಸೋಮವಾರ ಊಟದ ಹೊತ್ತಿಗೆ ಮೇಸ್ತ್ರಿಯ ಫೋನಿಗೆ ಅವನಿಂದ ಆರು ನಿಮಿಷದ ಒಂದು ಧ್ವನಿಮುದ್ರಣ ಬಂತು. ಕೆಳಗೆ, 'ನಾನೇ ನುಡಿಸಿದ್ದು. ಗುಂಪಿಗಲ್ಲ, ನಿಮಗೆ ಮಾತ್ರ. ಕೊನೇವರೆಗೂ ಕೇಳಿ ಅಣ್ಣ' ಎಂದಿತ್ತು.

ಮೇಸ್ತ್ರಿ ಪೇಪರ್ ಗೋಡೌನಿಗೆ ಹೋಗಿ ರೀಮುಗಳ ಸಂದಿಯಲ್ಲಿ ಕೂತು ಇಯರ್‌ಫೋನ್ ತುರುಕಿಕೊಂಡ. ದಪ್ಪ ತಂತಿಗಳ ಸದ್ದು ದೂರದ ಬಾಗಿಲನ್ನು ಯಾರೋ ತಟ್ಟಿದ ಹಾಗೆ ಬರುತ್ತಿತ್ತು. ಉಳಿದದ್ದೆಲ್ಲ ಹತ್ತಿ. ನಾಲ್ಕನೇ ನಿಮಿಷದ ಹೊತ್ತಿಗೆ ತಟ್ಟುವುದು ನಿಂತು ಒಂದು ಗುಂಯ್‌ಗುಡುವಿಕೆ ಶುರುವಾಯಿತು. ನಿಧಾನಕ್ಕೆ ಹಾಡುತ್ತಿದ್ದಾನೆ ಎಂದುಕೊಂಡ. ಪೂರ್ತಿ ಜೋರು ಮಾಡಿದ. ಸದ್ದು ಒಡೆದುಹೋಯಿತೇ ಹೊರತು ಮಾತು ತಿಳಿಯಲಿಲ್ಲ.

ಈ ಹಾಡು ತಲೆಯೊಳಗೆ ಇರಲಿಲ್ಲ. ಲೋಕದಲ್ಲಿ ಯಾರ ತಲೆಯೊಳಗೂ ಇರಲಿಲ್ಲ.

'ನನಗೆ ಕೇಳಿಸುತ್ತಿಲ್ಲ ಕಣೋ' ಎಂದು ಟೈಪು ಮಾಡಿದ. ಆ ಮೂರು ಪದಗಳನ್ನು ನೋಡುತ್ತ ಕೂತ. ಕಳಿಸಿದರೆ ಮೂರು ವರ್ಷದ ಕಿವಿಯಣ್ಣ ಅಲ್ಲಿಗೆ ಮುಗಿದ. ಇಷ್ಟು ದಿನ ಬರೆದದ್ದೆಲ್ಲ ಸುಳ್ಳೇ ಎಂದು ಕೇಳುತ್ತಾರೆ. ಒಂದೊಂದೇ ಅಕ್ಷರವಾಗಿ ಅಳಿಸಿದ. ಆಮೇಲೆ ಬರೆದ: 'ಎರಡು ಸಲ ಕೇಳಿದೆ. ಕೈ ಚೆನ್ನಾಗಿ ಪಳಗಿದೆ. ಕೊನೇ ಭಾಗವಂತೂ ಎಲ್ಲಕ್ಕಿಂತ ಸೊಗಸು, ಎಲ್ಲೂ ಅವಸರವಿಲ್ಲ. ಇದನ್ನ ಗುಂಪಿಗೂ ಹಾಕು, ಎಲ್ಲರೂ ಕೇಳಲಿ.'

ಸೈರನ್ ತಕ್ಷಣ ಓದಿದ್ದು ಗೊತ್ತಾಯಿತು. ಉತ್ತರ ಬಂದದ್ದು ಮಂಗಳವಾರ ಬೆಳಿಗ್ಗೆ. 'ಸರಿ ಅಣ್ಣ.'

ಗಂಡಾಂತರ ಕಳೆಯಿತು ಎಂದು ಮೇಸ್ತ್ರಿ ನಿಟ್ಟುಸಿರು ಬಿಟ್ಟ. ಗುರುವಾರ ಅವನದೇ ಸರದಿ. ಹಾಡು ಹಾಕಿ, ಕೆಳಗೆ ಒಂದು ತಮಾಷೆ ಬರೆದು, ಸೈರನ್ ಯಾಕೆ ಸುಮ್ಮನಿದ್ದಾನೆ ಎಂದೂ ಕೇಳಿದ.

ಶನಿವಾರ ಮಧ್ಯಾಹ್ನ ಗುಂಪಿನಲ್ಲಿ ಸೈರನ್ನಿನ ಹೆಸರಿನಿಂದಲೇ ಒಂದು ಸಂದೇಶ ಬಂತು.

'ನಾನು ಇವನ ಅಕ್ಕ. ಗುರುವಾರ ಹೃದಯದ ಆಪರೇಷನ್ ಆಯಿತು. ಶುಕ್ರವಾರ ಬೆಳಿಗ್ಗೆ ನನ್ನ ತಮ್ಮ ತೀರಿಕೊಂಡ. ಇಲ್ಲಿ ಅವನಿಗೆ ಬೇಕಾದವರು ಇದ್ದಾರೆ ಎಂದು ಹೇಳುತ್ತಿದ್ದ. ಅದಕ್ಕೆ ತಿಳಿಸಿದ್ದೇನೆ.'

ಮೇಸ್ತ್ರಿ ಅದನ್ನು ಮತ್ತೆ ಮತ್ತೆ ಓದಿದ. ಗುಂಪಿನಲ್ಲಿ ಮಾತು ತೋಚದವರೆಲ್ಲ ಹಾಡುಗಳನ್ನು ಹಾಕತೊಡಗಿದರು. ದಿನಕ್ಕೊಂದೇ ಎಂಬ ನಿಯಮವನ್ನು ಟೀಚರಮ್ಮನೇ ಮೊದಲು ಮುರಿದಳು. ಬೇಕರಿಯವನು ಸೈರನ್ ಮೊಟ್ಟಮೊದಲು ಹಂಚಿದ್ದ ಹಾಡನ್ನು ಹುಡುಕಿ ಹಾಕಿ, 'ಇವತ್ತು ನಂಟು ಬರೆಯಲು ಆಗುವುದಿಲ್ಲ' ಎಂದ.

ತನ್ನ ಹತ್ತಿರ ಅವನೇ ನುಡಿಸಿದ್ದು ಇದೆಯಲ್ಲ ಎಂದು ಮೇಸ್ತ್ರಿಗೆ ಆಗ ನೆನಪಾಯಿತು. ಎಲ್ಲರಿಗೂ ಕೇಳಿಸಬೇಕು. ಆದರೆ ಏನು ಹಾಡಿದ್ದಾನೆ ಎಂಬುದೇ ಗೊತ್ತಿಲ್ಲದೆ ಏನೆಂದು ಬರೆದು ಹಾಕುವುದು? ಶನಿವಾರ ಅರ್ಧ ದಿನವಾದ್ದರಿಂದ ಹೆಂಡತಿ ಮನೆಗೆ ಬಂದಳು. ಅವಳು ಚಪ್ಪಲಿ ಬಿಡುವ ಮೊದಲೇ ಫೋನು ಅವಳ ಕೈಗಿಟ್ಟ.

"ನನ್ನ ಸ್ನೇಹಿತ ಹೋಗ್ಬಿಟ್ಟ ಕಣೇ. ಆಂಬುಲೆನ್ಸಿನವನು. ಇದು ಅವನು ಹಾಡಿರೋದು. ಹಾಡಿನ ಮಾತು ಏನು ಅಂತ ಸ್ವಲ್ಪ ಕೇಳಿ ಹೇಳು."

ಅವಳು ಅವನ ಮುಖ ನೋಡಿದಳು, ಕುರ್ಚಿಯಲ್ಲಿ ಕೂತು ಫೋನನ್ನು ಕಿವಿಗೆ ಹಿಡಿದಳು. ಮೊದಲ ನಾಲ್ಕು ನಿಮಿಷ ಅವಳ ಮುಖ ಸಾಧಾರಣವಾಗಿತ್ತು. ಆಮೇಲೆ ಹುಬ್ಬು ಗಂಟಾಯಿತು. ಆಮೇಲೆ ಅವಳು ಇನ್ನೊಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದಳು.

"ಏನಂತೆ?"

"ಹಾಡಲ್ಲ ರೀ ಇದು." ಅವಳು ಕೈ ತೆಗೆದು ಅವನಿಗೆ ತುಟಿ ಕಾಣುವ ಹಾಗೆ ತಿರುಗಿ ಕೂತಳು. "ಮೊದಲು ನುಡಿಸಿದ್ದಾರೆ. ಆಮೇಲೆ ನಿಮ್ಮ ಹತ್ರ ಮಾತಾಡಿದ್ದಾರೆ."

ಅವಳು ಇಷ್ಟಿಷ್ಟೇ ಕೇಳುತ್ತ, ನಿಲ್ಲಿಸುತ್ತ, ಕೇಳಿದ್ದನ್ನು ಹಾಗೆಯೇ ಹೇಳುತ್ತ ಹೋದಳು. ಮೇಸ್ತ್ರಿ ತನ್ನ ಸ್ನೇಹಿತನ ಮಾತನ್ನು ಹೆಂಡತಿಯ ತುಟಿಯ ಮೇಲೆ ಓದಿದ.

"ಅಣ್ಣಾ, ನುಡಿಸಿದ್ದು ಸಾಕು. ಗಾಡಿ ರಿಪೇರಿ ಅಂದಿದ್ನಲ್ಲ, ಅದು ಗಾಡಿ ಅಲ್ಲ, ನನ್ನ ಎದೆ. ಗುರುವಾರ ಕೊಯ್ತಾರೆ. ಇಪ್ಪತ್ತು ವರ್ಷದಿಂದ ಹಿಂದುಗಡೆ ಮಲಗಿರೋರಿಗೆಲ್ಲ ಏನೂ ಆಗಲ್ಲ, ಹೆದರ್ಬೇಡಿ ಅಂತ ಹೇಳ್ಕೊಂಡೇ ಗಾಡಿ ಓಡಿಸಿದ್ದೀನಿ. ಈಗ ನನಗೂ ಯಾರಾದ್ರೂ ಹಾಗೆ ಹೇಳಿದ್ರೆ ಚೆನ್ನಾಗಿತ್ತು ಅನ್ನಿಸ್ತಿದೆ. ಅಕ್ಕನ ಹತ್ರ ಹೇಳೋ ಹಾಗಿಲ್ಲ, ಅವಳು ನನಗಿಂತ ಹೆದರಿದ್ದಾಳೆ. ಬುಧವಾರ ಒಂದು ದಿನ ಬಂದುಹೋಗೋಕಾಗುತ್ತಾ? ಆಗಲ್ಲ ಅಂತ ಬಾಯಿಬಿಟ್ಟು ಹೇಳೋದು ನಿಮಗೂ ಕಷ್ಟ, ಕೇಳೋದು ನನಗೂ ಕಷ್ಟ. ಆಗದಿದ್ರೆ ಬರೀ ಹಾಡಿನ ಬಗ್ಗೆ ಬರೀರಿ ಸಾಕು. ನಾನು ಅರ್ಥ ಮಾಡ್ಕೋತೀನಿ."

ಹೆಂಡತಿ ಫೋನು ಕೆಳಗಿಟ್ಟಳು.

"ನೀವೇನು ಬರೆದ್ರಿ?"

ಅವನು ತೋರುಬೆರಳಿನಿಂದ ಪರದೆಯನ್ನು ಸರಿಸಿ ತೋರಿಸಿದ. ಅವಳು ಓದಿದಳು. ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದು ಅವನ ಮುಂದಿಟ್ಟು, ಆ ನೀರನ್ನು ತಾನೇ ಕುಡಿದಳು.

ಅದೇ ಸಂಜೆ ಅಕ್ಕನಿಗೆ ಬರೆದು ವಿಳಾಸ ತರಿಸಿಕೊಂಡು, ಭಾನುವಾರ ಬೆಳಗಿನ ರೈಲಿಗೆ ಇಬ್ಬರೂ ಹೊರಟರು. ಒಬ್ಬನೇ ಹೋಗುತ್ತೇನೆ ಎಂದರೆ ಅವಳು ಬಿಡಲಿಲ್ಲ.

ಸೈರನ್ನಿನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಮೂರನೇ ಮಹಡಿ, ಎರಡು ಕೋಣೆ. ಬಾಗಿಲು ತೆರೆದ ಅಕ್ಕನಿಗೆ ಐವತ್ತೈದರ ಮೇಲಾಗಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡುವ ಕೆಲಸ. ಮುಂಗೈಯಲ್ಲಿ ಹಳೆಯ ಸುಟ್ಟ ಗೆರೆಗಳಿದ್ದವು. ಗೋಡೆಗೆ ಒಂದು ಗಿಟಾರು ಒರಗಿತ್ತು. ಮಂಚದ ಮೇಲಿನ ಚಾದರ ಒಂದು ಸುಕ್ಕಿಲ್ಲದೆ ಬಿಗಿಯಾಗಿತ್ತು.

"ಕಿವಿಯಣ್ಣ ಅನ್ನೋರು ನೀವೇನಾ?" ಎಂದರು. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಬನ್ನಿ" ಎಂದರು.

ಟೀ ತಂದಿಟ್ಟು ಅವರೇ ಮಾತು ತೆಗೆದರು. "ಬುಧವಾರ ಒಬ್ರು ಬರಬಹುದು ಅಂದಿದ್ದ. ನಾನು ಈ ಕೋಣೇಲಿ ಹಾಸಿಗೆ ಹಾಸಿದ್ದೆ. ಮಂಗಳವಾರ ಬೆಳಿಗ್ಗೆ, ಇಲ್ಲ ಕಣಕ್ಕ, ಅವರು ಬರಲ್ಲ, ಕೆಲಸದವರು ಪಾಪ ಅಂದ. ಮಡಚಿಟ್ಟೆ."

"ಬೇಜಾರು ಮಾಡ್ಕೊಂಡಿದ್ನಾ ಅಕ್ಕ?"

"ಸಮಾಧಾನಕ್ಕೆ ಹೇಳ್ಲಾ, ಇದ್ದದ್ದು ಹೇಳ್ಲಾ?"

"ಇದ್ದದ್ದೇ ಹೇಳಿ."

"ಗೋಡೆ ಕಡೆ ತಿರುಗಿ ಮಲಗಿದ. ಸಂಜೆವರೆಗೂ ಏಳ್ಲಿಲ್ಲ."

ಮೇಸ್ತ್ರಿ ಲೋಟವನ್ನು ನೆಲದ ಮೇಲಿಟ್ಟ. "ನಂಗೆ ಕಿವಿ ಕೇಳ್ಸಲ್ಲ ಅಕ್ಕ. ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಅವನು ಮಾತಾಡಿರೋದೇ ನಂಗೆ ಗೊತ್ತಾಗ್ಲಿಲ್ಲ. ಹಾಡು ಅನ್ಕೊಂಡೆ. ಕೇಳಿದ ಹಾಗೆ ನಟಿಸಿ ಬರೆದೆ."

ಅಕ್ಕನ ತುಟಿ ಅಲುಗಿದಾಗ ಅವನು ಒಂದು ಅಕ್ಷರವೂ ತಪ್ಪದ ಹಾಗೆ ನೋಡಿದ.

"ಕೇಳಿಸ್ಲಿಲ್ಲ ಅಂತ ಒಂದು ಮಾತು ಬರೆದಿದ್ರೆ ಆಗ್ತಿತ್ತಲ್ಲ. ಅವನು ಬರೆದು ಕಳಿಸ್ತಿದ್ದ."

"ಹೌದು ಅಕ್ಕ."

"ಒಂದೇ ಒಂದು ಮಾತು."

ಈ ಮನೆಗೆ ಬರುವವರೆಗೆ ಮೇಸ್ತ್ರಿ ತನ್ನ ಕಿವುಡುತನವೇ ತನಗೆ ರಕ್ಷಣೆ ಎಂದು ಒಳಗೊಳಗೇ ನಂಬಿದ್ದ. ಆ ಮಾತಿನ ಮುಂದೆ ಅದು ನಿಲ್ಲಲಿಲ್ಲ. ಕೇಳಿಸದೇ ಇದ್ದದ್ದು ಕಿವಿಯ ತಪ್ಪಾಗಿರಬಹುದು, ಬರೆದದ್ದು ಕೈಯ ಕೆಲಸ.

ಅಕ್ಕ ಕಣ್ಣೊರೆಸಿಕೊಂಡು ಅವನ ಹೆಂಡತಿಯ ಕಡೆ ತಿರುಗಿದರು. "ಅದು ನಿಮ್ಮ ಹತ್ರ ಇದ್ಯಾ? ಅವನ ಫೋನಲ್ಲಿ ಅಳಿಸಿಬಿಟ್ಟಿದ್ದಾನೆ. ನಾನು ಅವನು ನುಡಿಸೋದನ್ನ ಸರಿಯಾಗಿ ಕೂತು ಕೇಳಿದೋಳೇ ಅಲ್ಲ. ಕೆಲಸದಿಂದ ಬಂದು ತಲೆನೋವು, ನಿಲ್ಸೋ ಅಂತಿದ್ದೆ."

ಹೆಂಡತಿ ಫೋನನ್ನು ಜೋರಾಗಿಸಿ ನಡುವೆ ಇಟ್ಟಳು. ಇಬ್ಬರು ಹೆಂಗಸರೂ ಅದರ ಮೇಲೆ ಬಾಗಿದರು. ಮೇಸ್ತ್ರಿ ಅವರ ಎದುರಿಗೆ ಕೂತು ಅಕ್ಕನ ಮುಖವನ್ನೇ ನೋಡುತ್ತಿದ್ದ. ಎಲ್ಲಿ ಗಿಟಾರು ಏರಿತು, ಎಲ್ಲಿ ಇಳಿಯಿತು ಎಂಬುದು ಆ ಮುಖದಿಂದ ಅವನಿಗೆ ತಿಳಿಯಲಿಲ್ಲ. ಮಾತು ಶುರುವಾದದ್ದು ಮಾತ್ರ ತಿಳಿಯಿತು. ಅಕ್ಕ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮುಗಿದ ಮೇಲೆ, ಇನ್ನೊಂದು ಸಲ ಎಂದರು. ಮೂರನೆಯ ಸಲ ಅವರೇ ಹಾಕಿಕೊಂಡರು.

"ಚೆನ್ನಾಗಿ ನುಡಿಸ್ತಾನಾ?" ಎಂದು ಕೊನೆಗೆ ಅವನನ್ನು ಕೇಳಿದರು, ಮರೆತು. ಆಮೇಲೆ ನಾಲಿಗೆ ಕಚ್ಚಿಕೊಂಡರು.

"ಚೆನ್ನಾಗಿ ನುಡಿಸಿದ್ದಾರೆ ಅಕ್ಕ" ಎಂದಳು ಹೆಂಡತಿ.

ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದರು. ಹೋಗಿಬನ್ನಿ ಎಂದರು. ಕ್ಷಮಿಸಿದೆ ಎನ್ನಲಿಲ್ಲ, ಅವನೂ ಕೇಳಲಿಲ್ಲ.

ಸೋಮವಾರ ಮೇಸ್ತ್ರಿ ಗುಂಪಿನಲ್ಲಿ ಎಲ್ಲವನ್ನೂ ಬರೆದ. ಎರಡು ವರ್ಷದಿಂದ ತನಗೆ ಒಂದು ಹಾಡೂ ಸರಿಯಾಗಿ ಕೇಳಿಸಿಲ್ಲ, ಬರೆದದ್ದೆಲ್ಲ ನೆನಪಿನಿಂದ, ಉಳಿದದ್ದು ನಿಮ್ಮ ಮಾತುಗಳಿಂದ ಕದ್ದದ್ದು ಎಂದ. ಸೈರನ್ ತನ್ನನ್ನು ಏನು ಕೇಳಿದ್ದ, ತಾನು ಏನು ಉತ್ತರಿಸಿದೆ ಎಂಬುದನ್ನೂ ಬಿಡದೆ ಬರೆದ. ಇಬ್ಬರು ಏನನ್ನೂ ಹೇಳದೆ ಗುಂಪು ಬಿಟ್ಟರು. ಟೀಚರಮ್ಮ, 'ನನಗೆ ಕೋಪ ಬಂದಿದೆ, ಇಳಿದ ಮೇಲೆ ಬರೆಯುತ್ತೇನೆ' ಎಂದು ಬರೆದಳು. ಹತ್ತು ದಿನ ಬಿಟ್ಟು ಬರೆದಳು. ಬೇಕರಿಯವನು ಯಾವ ಡಾಕ್ಟರು, ಯಾವ ಯಂತ್ರ ಎಂದು ಮಾತ್ರ ವಿಚಾರಿಸಿದ.

ಅದೇ ವಾರ ಅವನು ಮಾಲೀಕನಿಗೂ ಹೇಳಿದ. ಮಾಲೀಕ ಕೆಲಸದಿಂದ ತೆಗೆಯಲಿಲ್ಲ, ಆದರೆ ಮಷೀನಿನಿಂದ ತೆಗೆದ. ಈಗ ಬೈಂಡಿಂಗ್ ವಿಭಾಗದಲ್ಲಿ ಅಚ್ಚಾದ ದೊಡ್ಡ ಹಾಳೆಗಳನ್ನು ಫಾರಂಗಳಾಗಿ ಮಡಚಿ ಪುಟಗಳ ಅನುಕ್ರಮ ನೋಡುವ ಕೆಲಸ. ಕಿವಿಗೆ ಯಂತ್ರ ಬಂತು. ನಲ್ಲಿ ತೊಟ್ಟಿಕ್ಕುವುದು, ಪೇಪರು ಸರಿಯುವುದು, ಹೆಂಡತಿ ತನ್ನಷ್ಟಕ್ಕೆ ಗೊಣಗುವುದು ಕೇಳತೊಡಗಿದವು. ಹಾಡು ಮಾತ್ರ ತಗಡಿನ ಡಬ್ಬಿಯಲ್ಲಿ ಜಲ್ಲಿಕಲ್ಲು ಅಲ್ಲಾಡಿಸಿದ ಹಾಗಿತ್ತು. ಅಭ್ಯಾಸವಾಗುತ್ತೆ ಎಂದರು ಡಾಕ್ಟರು. ಅವನು ಅಭ್ಯಾಸ ಮಾಡಲು ಹೋಗಲಿಲ್ಲ. ತಲೆಯೊಳಗಿನ ಹಾಡುಗಳನ್ನೂ ಬಹಳ ದಿನ ಮುಟ್ಟಲಿಲ್ಲ.

ಎರಡು ತಿಂಗಳ ಮೇಲೆ ಅಕ್ಕನಿಂದ ಒಂದು ಸಂದೇಶ ಬಂತು. 'ಆಂಬುಲೆನ್ಸ್ ಆಫೀಸಿನಲ್ಲಿ ತಮ್ಮನ ಬೀರು ಖಾಲಿ ಮಾಡಿಕೊಡಿ ಅಂತಿದ್ದಾರೆ. ಒಬ್ಬಳೇ ಹೋಗಲು ಮನಸ್ಸಾಗುತ್ತಿಲ್ಲ. ಶನಿವಾರ.' ಬರುತ್ತೀರಾ ಎಂಬ ಮಾತು ಅದರಲ್ಲಿ ಇರಲಿಲ್ಲ.

ಮೇಸ್ತ್ರಿ ಕೈಯಲ್ಲಿದ್ದ ಫಾರಂ ಕೆಳಗಿಟ್ಟು ನಿಂತಲ್ಲೇ ಬರೆದ. 'ಬರ್ತೀನಿ. ಬೆಳಗಿನ ರೈಲಿಗೆ.'

ಆಫೀಸೆಂದರೆ ಆಸ್ಪತ್ರೆಯ ಷೆಡ್ಡಿನ ಪಕ್ಕದ ಒಂದು ಉದ್ದ ಕೋಣೆ. ಡ್ರೈವರುಗಳು ಎದ್ದು ನಿಂತರು. ಬೀರುವಿನಲ್ಲಿ ಎರಡು ಜೊತೆ ಯೂನಿಫಾರಂ, ಟಾರ್ಚು, ಬಾಚಣಿಗೆ, ಹಾಡುಗಳ ಹೆಸರು ಗೀಚಿದ ಡ್ಯೂಟಿ ಚೀಟಿಗಳ ಒಂದು ಕಟ್ಟು. ಅಕ್ಕ ಒಂದೊಂದನ್ನೇ ತೆಗೆದುಕೊಟ್ಟರು, ಮೇಸ್ತ್ರಿ ಚೀಲಕ್ಕೆ ಹಾಕಿದ. ಚೀಟಿಗಳ ಕಟ್ಟನ್ನು ಮಾತ್ರ ಅವರು ಚೀಲಕ್ಕೆ ಬಿಡದೆ ಕಂಕುಳಲ್ಲಿಟ್ಟುಕೊಂಡರು. ಹೊರಗೆ ಒಂದು ಗಾಡಿ ಸ್ಟಾರ್ಟ್ ಆಯಿತು. ಕಿವಿಯ ಯಂತ್ರ ಆ ಸದ್ದನ್ನೆಲ್ಲ ತಂದು ಸುರಿಯಿತು. ವಯಸ್ಸಾದ ಡ್ರೈವರ್ ಒಬ್ಬ ಬೀರುವಿನ ಕೆಳಗೆ ಬಗ್ಗಿ ಏನೋ ಹೇಳಿದ. ಮೇಸ್ತ್ರಿಗೆ ಹೂಂ ಎಂದುಬಿಡುವ ಹಳೆಯ ಚಾಳಿ ಬಾಯಿಯವರೆಗೆ ಬಂತು.

"ಕೇಳಿಸ್ಲಿಲ್ಲ ನಂಗೆ. ಇನ್ನೊಂದ್ಸಲ ಹೇಳಿ."

ಡ್ರೈವರ್ ಎದ್ದು ಅವನ ಎದುರಿಗೆ ಬಂದು ನಿಂತ. ಕೈಯಲ್ಲಿ ಒಂದು ಜೊತೆ ಕಪ್ಪು ಬೂಟಿತ್ತು. ಹಿಮ್ಮಡಿ ಒಂದು ಕಡೆ ಸವೆದಿತ್ತು.

"ಈ ಬೂಟು ಏನ್ ಮಾಡೋದು ಅಂದೆ."

ಮೇಸ್ತ್ರಿ ಅಕ್ಕನ ಕಡೆ ನೋಡಿದ. ಅಕ್ಕ ಬೂಟನ್ನೇ ನೋಡುತ್ತಿದ್ದರು. ಅವನು ಕೈ ಚಾಚಿ ಅದನ್ನು ತೆಗೆದುಕೊಂಡು, ಧೂಳು ಒರೆಸಿ, ಕಾಗದದಲ್ಲಿ ಸುತ್ತತೊಡಗಿದ.